ಫೋನು ಒಂದೇ, ಮಕ್ಕಳು ನಾಲ್ಕು ಥರ: ಎಐ ಎಲ್ಲಿ ಕೆಲಸಕ್ಕೆ ಬರುತ್ತದೆ?

ಪ್ರಶ್ನೆ: ಚಿಂಚೋಳಿ ಟೀಚರ್

ಎಲ್ಲರಿಗೂ ನಮಸ್ಕಾರ. ಚಿಂಚೋಳಿ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕು, ಐದನೇ ಕ್ಲಾಸಿಗೆ ಕಲಿಸುತ್ತೇನೆ. ಎರಡೂ ಕ್ಲಾಸು ಒಂದೇ ಕೋಣೆಯಲ್ಲಿ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ತಾಂಡಾದವರು, ಮನೆಯಲ್ಲಿ ಲಂಬಾಣಿ ಮಾತು. ಮೊನ್ನೆ ಒಂದು ತರಬೇತಿಯಲ್ಲಿ ಎಐ ಬಗ್ಗೆ ಸ್ಲೈಡ್ ತೋರಿಸಿದರು. ಪ್ರತಿ ಮಗುವಿಗೂ ತಕ್ಕ ಹಾಗೆ ಪಾಠ ಕೊಡಬಹುದು ಅಂದರು, ಚಹಾ ಕೊಟ್ಟರು, ಸಹಿ ಹಾಕಿಸಿಕೊಂಡರು. ಯಾವ ಮಗುವಿಗೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ. ಅದಕ್ಕೇ ನನ್ನ ಕೋಣೆಯ ಮಕ್ಕಳ ಬಗ್ಗೆ ಇಲ್ಲಿ ಹೇಳುತ್ತೇನೆ, ಅನುಭವ ಇರುವವರು ಹೇಳಿ.

ಮೊದಲನೆಯವನು ಬಾಯಿಲೆಕ್ಕದಲ್ಲಿ ಹುಲಿ. ತೊಗರಿ ಕ್ವಿಂಟಲ್‌ಗೆ 8,000 ರೂಪಾಯಿ, ಮೂರೂವರೆ ಕ್ವಿಂಟಲ್‌ಗೆ ಎಷ್ಟಪ್ಪಾ ಅಂದರೆ 28,000 ಅಂತ ಥಟ್ಟನೆ ಹೇಳುತ್ತಾನೆ. ಅಷ್ಟೇ ಅಲ್ಲ, ‘ಹಮಾಲಿ ಹಿಡಿಯೂದು ಇಲ್ಲೇನ್ರಿ ಟೀಚರ್?’ ಅಂತ ನನ್ನನ್ನೇ ಕೇಳುತ್ತಾನೆ. ಅದೇ ಲೆಕ್ಕ ಪುಸ್ತಕದಲ್ಲಿ ನಾಲ್ಕು ಸಾಲಿನಲ್ಲಿ ಇದ್ದರೆ ಮೊದಲ ಸಾಲು ದಾಟಲ್ಲ. ‘ಮಾರುಕಟ್ಟೆ’ ಬಂದರೆ ‘ಮಾರು’ ಓದಿ ನಿಲ್ಲುತ್ತಾನೆ, ಆಮೇಲೆ ಊಹೆ ಮಾಡಿ ‘ಮಾರಿದನು’ ಅನ್ನುತ್ತಾನೆ. ಒತ್ತಕ್ಷರ ಇದ್ದರೂ ಇಲ್ಲದ ಹಾಗೆ ಓದುತ್ತಾನೆ.

ಎರಡನೆಯವಳಿಗೆ ದೃಷ್ಟಿ ಕಮ್ಮಿ. ಕನ್ನಡಕ ಇದೆ, ಆದರೂ ಪುಸ್ತಕ ಮೂಗಿಗೆ ತಾಗಬೇಕು. ಮೂರನೆಯವಳ ಕಿವಿಯಲ್ಲಿ ಮಿಷನ್ ಇದೆ. ಒಂದು ದಿನ ಕರೆದರೆ ತಿರುಗುತ್ತಾಳೆ, ಇನ್ನೊಂದು ದಿನ ತಿರುಗಲ್ಲ. ನಾಲ್ಕನೆಯವನ ಅಪ್ಪ ಅವ್ವ ದೀಪಾವಳಿ ಮುಗಿದ ಕೂಡಲೇ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ, ಇವನನ್ನೂ ಕರೆದುಕೊಂಡು. ವಾಪಸ್ ಬರುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ.

ನನ್ನ ಹತ್ತಿರ ಇರುವುದು ನನ್ನದೇ ಒಂದು ಫೋನು. ಶಾಲೆಯ ಒಳಗೆ ನೆಟ್ವರ್ಕ್ ಇಲ್ಲ, ಬೇವಿನ ಮರದ ಕಟ್ಟೆ ಮೇಲೆ ನಿಂತರೆ ಎರಡು ಕಡ್ಡಿ ಬರುತ್ತದೆ. ರಾತ್ರಿ ಮನೆಯಲ್ಲಿ ಮಾಡಿಕೊಂಡು ಬೆಳಿಗ್ಗೆ ಝೆರಾಕ್ಸ್ ತೆಗೆಸಿಕೊಂಡು ಹೋಗುವುದೇ ದಾರಿ.

ಸುಮ್ನೆ ಕೂತಿಲ್ಲ, ಒಂದು ಚಾಟ್ ಆ್ಯಪ್‌ನಲ್ಲಿ ಮಾಡಿ ನೋಡಿದೆ. ಪಾಠ ಸರಳ ಮಾಡಿಕೊಡು ಅಂದರೆ ‘ಜಲಮೂಲಗಳಲ್ಲಿನ ನೀರು ಬಾಷ್ಪೀಕರಣಗೊಂಡು’ ಅಂತ ಬರೆಯಿತು. ಇದು ಸರಳವಂತೆ! ಲೆಕ್ಕ ಕೇಳಿದರೆ ಬರೀ ಅಡಿಕೆ ಮತ್ತು ತೆಂಗಿನಕಾಯಿ. ನಮ್ಮ ಹುಡುಗರು ಅಡಿಕೆ ನೋಡಿದ್ದು ಪಾನ್ ಡಬ್ಬಿಯಲ್ಲಿ ಮಾತ್ರ. ಲಂಬಾಣಿಯಲ್ಲಿ ಒಂದು ಕಥೆ ಕೊಡು ಅಂದೆ. ಹಿಂದಿ, ಮರಾಠಿ ಕಲಸಿ ಏನೋ ಕೊಟ್ಟಿತು. ಓದಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ಒಂದು ಪೀರಿಯಡ್ ಚೆನ್ನಾಗಿ ಕಳೆಯಿತು, ಅದೊಂದೇ ಲಾಭ.

ನನ್ನ ಪ್ರಶ್ನೆ ಎರಡು. ಇದರಿಂದ ಇವರಿಗೆ ನಿಜವಾಗಿ ಏನು ಉಪಯೋಗ ತೆಗೆಯಬಹುದು? ಮೊದಲನೆಯ ಹುಡುಗನಿಗೆ ಡಿಸ್ಲೆಕ್ಸಿಯಾ, ಅಂದರೆ ಓದಿನಲ್ಲೇ ಇರುವ ತೊಡಕು, ಇದೆಯಾ ಇಲ್ಲವಾ ಅಂತ ಯಾವುದಾದರೂ ಆ್ಯಪ್ ಹೇಳುತ್ತದಾ?

ಉತ್ತರ: ಭಾಲ್ಕಿ ಬಿಐಇಆರ್‌ಟಿ

ಶರಣು ಮೇಡಂ. ನಾನು ಬೀದರ್ ಜಿಲ್ಲೆಯಲ್ಲಿ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ತಾಲೂಕಿಗೆ ಇರುವ ಸಂಪನ್ಮೂಲ ಶಿಕ್ಷಕ. ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಹೇಳಲ್ಲ. ಹೇಳಿದರೂ ನಂಬಬೇಡಿ. ಡಿಸ್ಲೆಕ್ಸಿಯಾ ಸೇರುವ ಕಲಿಕಾ ನ್ಯೂನತೆ 2016 ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಒಂದು. ಅದಕ್ಕೆ ಪ್ರಮಾಣಪತ್ರ ಸಿಗಬೇಕಾದರೆ ಮಗುವಿಗೆ 8 ವರ್ಷ ತುಂಬಿರಬೇಕು, ತಜ್ಞರು ಕೂತು ಪರೀಕ್ಷೆ ಮಾಡಬೇಕು. ಕನ್ನಡದಲ್ಲೇ ಮಾಡುವ ಪರೀಕ್ಷೆಗಳಿವೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು ಮಾಡಿದ ‘ಡಾಲಿ’ ಹಿಂದಿ, ಮರಾಠಿ ಜೊತೆ ಕನ್ನಡದಲ್ಲೂ ಇದೆ.

ನೀವು ಮಾಡಬಹುದಾದದ್ದು ಅದಕ್ಕೂ ಮುಂಚಿನ ಕೆಲಸ. ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ಆ್ಯಪ್ 2022 ರಲ್ಲಿ ಬಂದಿದೆ. ಅದರ ಮೊದಲ ಭಾಗವನ್ನು ನಿಮ್ಮಂಥ ಕ್ಲಾಸ್ ಟೀಚರ್ ತುಂಬಬೇಕು, ಎರಡನೆಯದನ್ನು ನಮ್ಮಂಥವರು. ಅದು ರೋಗದ ಹೆಸರು ಹೇಳಲ್ಲ, ಈ ಮಗುವನ್ನು ಮುಂದೆ ತೋರಿಸಿ ಅಂತ ಹೇಳುತ್ತದೆ. ಅಷ್ಟು ಸಾಕು.

ಇನ್ನೊಂದು ಮುಖ್ಯ ವಿಷಯ. ಹುಡುಗನ ಮನೆಮಾತು ಲಂಬಾಣಿ ಅಂದಿರಿ. ಕನ್ನಡ ಬರದೆ ಓದಲಾಗದಿರುವುದು ಬೇರೆ, ಓದಿನಲ್ಲೇ ತೊಡಕಿರುವುದು ಬೇರೆ. ನಮ್ಮ ಕಡೆ ಎರಡನ್ನೂ ಒಂದೇ ಗೂಟಕ್ಕೆ ಕಟ್ಟುತ್ತಾರೆ. ಒಂದು ಆಟ ಆಡಿಸಿ ನೋಡಿ. ಅವನ ಭಾಷೆಯ ಪದವನ್ನೇ ತಗೊಳ್ಳಿ. ‘ಯಾಡಿ’ (ಅವ್ವ) ಅನ್ನುವುದರಲ್ಲಿ ‘ಯಾ’ ತೆಗೆದರೆ ಏನು ಉಳಿಯುತ್ತದೆ? ‘ಬಾಟಿ’ (ರೊಟ್ಟಿ) ಅನ್ನುವುದಕ್ಕೆ ಪ್ರಾಸ ಆಗುವ ಪದ ಯಾವುದು? ಪುಸ್ತಕ ಬೇಡ, ಬರೀ ಬಾಯಿಮಾತು. ತಾಂಡಾದ ಒಬ್ಬ ದೊಡ್ಡ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ತನ್ನ ಭಾಷೆಯಲ್ಲೇ ಈ ಆಟಕ್ಕೆ ತಡವರಿಸಿದರೆ ಬೇಗ ನಮ್ಮ ಹತ್ತಿರ ಕಳಿಸಿ. ಸಲೀಸಾಗಿ ಆಡಿದರೆ ಕನ್ನಡವೇ ತಡೆ ಇರಬಹುದು, ಆದರೂ ಒಮ್ಮೆ ತೋರಿಸಿ. ಕನ್ನಡದ ಗುಣಿತ, ಒತ್ತು ಎಲ್ಲ ಕೈವಶ ಆಗಲು ಎಲ್ಲ ಸರಿ ಇರುವ ಮಕ್ಕಳಿಗೂ ನಾಲ್ಕನೇ ಕ್ಲಾಸಿನವರೆಗೆ ಹಿಡಿಯುತ್ತದೆ.

ಈಗ ಮೊದಲ ಪ್ರಶ್ನೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಫೋನು ನಿಮ್ಮ ಕೈಯಲ್ಲೇ ಇರಲಿ, ಮಗುವಿನ ಕೈಗೆ ಬೇಡ. ಒಂದೇ ಪಾಠವನ್ನು ನಾಲ್ಕು ಥರ ಬರೆಯಲು ನಿಮಗೆ ರಾತ್ರಿ ಎರಡು ಗಂಟೆ ಬೇಕು. ಎಐ ಅದನ್ನು ಅರ್ಧ ಗಂಟೆಗೆ ಇಳಿಸುತ್ತದೆ. ನಾನು ಅದರಿಂದ ತೆಗೆದ ದೊಡ್ಡ ಲಾಭ ಇದೇ.

‘ಸರಳ ಮಾಡು’ ಅಂದರೆ ಅದಕ್ಕೆ ಪತ್ರಿಕೆಯ ಕನ್ನಡವೇ ಸರಳ. ನಿಮ್ಮ ಮಾತನ್ನೇ ಅದಕ್ಕೆ ಮಾದರಿಯಾಗಿ ಕೊಡಬೇಕು. ನಾನು ಹೀಗೆ ಬರೆಯುತ್ತೇನೆ:

‘ನಾಲ್ಕನೇ ಕ್ಲಾಸಿನ ಹುಡುಗನಿಗೆ. ಒಂದು ಸಾಲಿಗೆ ಐದು ಪದ ಮೀರಬಾರದು. ತ್ತ, ಲ್ಲ, ನ್ನ, ದ್ದ ಇರಲಿ. ಷ್ಟ್ರ, ಕ್ಷ್ಮ, ಸ್ತ್ರ ಥರದ್ದು ಬೇಡ. ತಪ್ಪಿಸಲಾಗದ ಪದ ಇದ್ದರೆ ಕೊನೆಗೆ ಬೇರೆ ಪಟ್ಟಿ ಮಾಡು. ತೊಗರಿ, ಜೋಳ, ಎತ್ತು, ಸಂತೆ ಇರಲಿ. ನಾನು ಮಾತಾಡುವ ರೀತಿ ಇದು: ಬಿಸಿಲು ಜೋರಾಗಿದೆ. ಕೆರೆ ನೀರು ಆರುತ್ತದೆ. ಆವಿ ಮೇಲೆ ಹೋಗುತ್ತದೆ. ಹೀಗೇ ಬರೆ.’

ತ್ತ ಯಾಕೆ ಇರಲಿ ಅಂದೆ ಅಂತ ಕೇಳಬಹುದು. ಒತ್ತಕ್ಷರವೇ ಬೇಡ ಅಂದರೆ ಕನ್ನಡದಲ್ಲಿ ಸಹಜವಾಗಿ ಬರೆಯಲಾಗಲ್ಲ. ಬರುತ್ತದೆ, ಹೋಗುತ್ತಾನೆ, ಇಲ್ಲ, ಅವನನ್ನು. ಹಾಗಾಗಿ ಆ ನಾಲ್ಕು ಒತ್ತನ್ನು ಮೊದಲು ಗಟ್ಟಿ ಮಾಡಿಸಿ, ಅದೇ ಅಕ್ಷರಕ್ಕೆ ಅದೇ ಒತ್ತು. ಬೇರೆ ಅಕ್ಷರದ ಒತ್ತು ಆಮೇಲೆ. ಬೇಡ ಅಂದ ಮೇಲೂ ಆ್ಯಪ್ ಎಲ್ಲೋ ಒಂದು ‘ರಾಷ್ಟ್ರ’ ತೂರಿಸಿರುತ್ತದೆ. ಅಕ್ಷರ ಲೆಕ್ಕ ಹಾಕುವುದರಲ್ಲಿ ಅದು ಕಚ್ಚಾ. ಝೆರಾಕ್ಸ್‌ಗೆ ಕೊಡುವ ಮೊದಲು ಪೆನ್ನು ಹಿಡಿದು ಒಮ್ಮೆ ಓದಲೇಬೇಕು.

ಇದು ಅವನ ಓದಿನ ಅಭ್ಯಾಸಕ್ಕೆ. ಗಣಿತ, ಪರಿಸರ ಪಾಠ ಮಾತ್ರ ಅವನಿಗೆ ಕಿವಿಯಿಂದ ಹೋಗಲಿ. ಓದಲು ಬರಲ್ಲ ಅಂತ ತಲೆಗೆ ಬರುವ ವಿಷಯ ಯಾಕೆ ನಿಲ್ಲಬೇಕು? ಲೆಕ್ಕವನ್ನು ನೀವೇ ಓದಿ ಹೇಳಿ, ಉತ್ತರ ಬಾಯಲ್ಲಿ ತಗೊಳ್ಳಿ. ಕಾಯ್ದೆಯ 17 ನೇ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ಸಹಾಯ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಅಂತ ಹೇಳುತ್ತದೆ. ಈಗಲೇ ಕಾಗದಪತ್ರ ಶುರು ಮಾಡಿದರೆ ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಓಡಾಟ ತಪ್ಪುತ್ತದೆ.

ಉತ್ತರ: ಸೂಪರ್ ಮಾರ್ಕೆಟ್ ಹುಡುಗ

ಟೀಚರ್, ನಾನು ಕಲಬುರಗಿಯಲ್ಲಿ ಬಿಎ ಓದುತ್ತಿದ್ದೇನೆ. ನನಗೆ ಕಣ್ಣು ಒಂದಿಷ್ಟೂ ಕಾಣಲ್ಲ. ಇದನ್ನು ಟಾಕ್‌ಬ್ಯಾಕ್ (ಫೋನಿನ ಪರದೆ ಓದಿ ಹೇಳುವ ಸ್ಕ್ರೀನ್ ರೀಡರ್) ಹಾಕಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಹುಡುಗಿಯ ಕಥೆ ನನ್ನದಕ್ಕಿಂತ ಬೇರೆ. ಅವಳಿಗೆ ಸ್ವಲ್ಪ ಕಾಣುತ್ತದೆ. ಹಾಗಿದ್ದಾಗ ಎಲ್ಲವನ್ನೂ ಕೇಳಿಸಿಬಿಡಬೇಡಿ. ಇರುವ ಕಣ್ಣು ಓದಿಗೆ ಬಳಕೆಯಾಗಲಿ. ಮೊದಲು ಎಷ್ಟು ದೊಡ್ಡ ಅಕ್ಷರ ಅವಳಿಗೆ ಆರಾಮ ಅಂತ ನೋಡಿ. ಒಂದೇ ಸಾಲನ್ನು 18, 24, 32 ಸೈಜಿನಲ್ಲಿ ಪ್ರಿಂಟ್ ತೆಗೆದು ಮುಂದಿಡಿ, ಅವಳೇ ಹೇಳುತ್ತಾಳೆ. ಕಪ್ಪು ಹಿನ್ನೆಲೆಗೆ ಹಳದಿ ಅಕ್ಷರ ಕೆಲವರಿಗೆ ಚೆನ್ನಾಗಿ ಕಾಣುತ್ತದೆ. ಕಿಟಕಿಗೆ ಬೆನ್ನು ಮಾಡಿ ಕೂರಿಸಿ, ಬೋರ್ಡ್ ಮೇಲೆ ಬಿಸಿಲು ಹೊಳೆಯದ ಜಾಗ ನೋಡಿ. ಇದಕ್ಕೆಲ್ಲ ಎಐ ಬೇಕಿಲ್ಲ.

ಎಐ ಬೇಕಾಗುವುದು ಚಿತ್ರ, ನಕ್ಷೆ, ಕೋಷ್ಟಕ ಬಂದಾಗ. ಪುಸ್ತಕದ ಪುಟದ ಫೋಟೊ ತೆಗೆದು ‘ಈ ಚಿತ್ರದಲ್ಲಿ ಏನಿದೆ, ಎಡದಿಂದ ಬಲಕ್ಕೆ ಹೇಳು’ ಅಂದರೆ ಹೇಳುತ್ತದೆ. ಬಿ ಮೈ ಐಸ್ ಆ್ಯಪ್‌ನಲ್ಲಿ 2023 ರಲ್ಲಿ ಈ ಸೌಲಭ್ಯ ಬಂತು. ಅದಕ್ಕೂ ಮೊದಲು ಪುಟದ ಮೇಲೆ ಚಿತ್ರ ಇದೆ ಅನ್ನುವುದೂ ನನಗೆ ಯಾರಾದರೂ ಹೇಳಬೇಕಿತ್ತು. ಆದರೆ ಇಂಥ ಯಾವ ಆ್ಯಪ್ ಆದರೂ ಕಾಣದ್ದನ್ನೂ ಕಂಡ ಹಾಗೆ ಹೇಳಿಬಿಡುತ್ತದೆ. ನದಿಗಳ ನಕ್ಷೆ ಕೊಟ್ಟು ಕೇಳಿದಾಗ ಭೀಮಾ ನದಿಯನ್ನು ಒಂದು ಆ್ಯಪ್ ಎಲ್ಲೆಲ್ಲೋ ಹರಿಸಿತು. ಧ್ವನಿಯಲ್ಲಿ ಒಂದಿಷ್ಟೂ ಅನುಮಾನ ಇಲ್ಲ. ನಾನು ಭೀಮೆಯ ದಂಡೆಯವನಾದ್ದರಿಂದ ಗೊತ್ತಾಯಿತು, ಗಂಗೆಯದ್ದಾಗಿದ್ದರೆ ನಂಬುತ್ತಿದ್ದೆ. ಹಾಗಾಗಿ ವಿವರಣೆ ತೆಗೆದ ಮೇಲೆ ನೀವು ಒಮ್ಮೆ ಚಿತ್ರದ ಜೊತೆ ಹೋಲಿಸಿ ನೋಡಿ.

ಒಂದು ದೊಡ್ಡ ಕಿರಿಕಿರಿ ಹೇಳುತ್ತೇನೆ, ಶಿಕ್ಷಕರು ಗಮನಿಸಲಿ ಅಂತ. ನೋಟ್ಸು, ಪ್ರಶ್ನೆಪತ್ರಿಕೆಯನ್ನು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಗ್ರೂಪಿಗೆ ಹಾಕುತ್ತಾರೆ. ಕಣ್ಣಿಗೆ ಅದು ಚೆಂದದ ಕನ್ನಡ. ನಮ್ಮ ಸ್ಕ್ರೀನ್ ರೀಡರ್‌ಗೆ ಅದು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ, ಹುಚ್ಚುಹಿಡಿದ ಹಾಗೆ ಓದುತ್ತದೆ. ದಯವಿಟ್ಟು ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಆಗಲ್ಲ ಅಂದರೆ ಪುಟದ ಸ್ಪಷ್ಟ ಫೋಟೊ ಕಳಿಸಿ, ಅದರಿಂದ ಅಕ್ಷರ ಎತ್ತಿಕೊಳ್ಳುವುದನ್ನು ಈಗಿನ ಆ್ಯಪ್‌ಗಳು ಕನ್ನಡದಲ್ಲೂ ಸುಮಾರಾಗಿ ಮಾಡುತ್ತವೆ. ಕಂಪ್ಯೂಟರ್ ಇದ್ದರೆ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಪುಕ್ಕಟೆ ಸಿಗುತ್ತದೆ, ಕನ್ನಡ ಓದುತ್ತದೆ. ಧ್ವನಿ ಮಾತ್ರ ತಗಡು ಬಡಿದ ಹಾಗೆ, ಒಂದು ವಾರಕ್ಕೆ ರೂಢಿಯಾಗುತ್ತದೆ.

ಮುಂದೆ ಅವಳ ದೃಷ್ಟಿ ಇನ್ನೂ ಇಳಿಯಬಹುದು ಅಂತ ಡಾಕ್ಟರ್ ಹೇಳಿದ್ದರೆ ಬ್ರೈಲ್ ಈಗಲೇ ಶುರು ಮಾಡಿಸಿ. ಫೋನೇ ಓದುತ್ತದಲ್ಲ, ಬ್ರೈಲ್ ಯಾಕೆ ಅಂತ ಜನ ಕೇಳುತ್ತಾರೆ. ಬರೀ ಕೇಳಿ ಕಲಿತ ನನ್ನ ಗೆಳೆಯರಿಗೆ ಅಲ್ಪಪ್ರಾಣ, ಮಹಾಪ್ರಾಣ ಎಲ್ಲಿ ಅಂತ ಇವತ್ತಿಗೂ ಗೊಂದಲ.

ಉತ್ತರ: ಶಹಾಪುರದ ಅಪ್ಪ

ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಲ್ಲ. ಈಗ ಏಳನೇ ಕ್ಲಾಸು. ನಾನು ಶಿಕ್ಷಕ ಅಲ್ಲ, ಗೊಬ್ಬರದ ಅಂಗಡಿ ಇದೆ. ಮೇಲಿನವರು ಓದಿನ ಮಾತು ಹೇಳಿದರು, ನಾನು ಸೆಲ್ಲಿನ ಮಾತು ಹೇಳುತ್ತೇನೆ.

ಟೀಚರ್, ಒಂದು ದಿನ ತಿರುಗುತ್ತಾಳೆ ಒಂದು ದಿನ ತಿರುಗಲ್ಲ ಅಂದಿರಲ್ಲ. ಮೊದಲು ಮಿಷನ್ನಿನ ಸೆಲ್ ನೋಡಿ. ಗುಂಡಿ ಸೆಲ್ ಆದರೆ ಹಿಂದಿನ ಸ್ಟಿಕ್ಕರ್ ಕಿತ್ತ ಕ್ಷಣದಿಂದ ಇಳಿಯಲು ಶುರು, ಮಿಷನ್ ಬಂದ್ ಇಟ್ಟರೂ ಇಳಿಯುತ್ತದೆ. ಒಂದೆರಡು ವಾರಕ್ಕೆ ಖಾಲಿ. ಅಂಗವಿಕಲರಿಗೆ ಸಲಕರಣೆ ಕೊಡುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಮಿಷನ್ ಪುಕ್ಕಟೆ ಸಿಗಬಹುದು, ತಿಂಗಳು ತಿಂಗಳು ಸೆಲ್ ತರುವುದು ಮನೆಯವರ ಪಾಲಿಗೆ. ಕೂಲಿ ಮನೆಯಲ್ಲಿ ಅದು ಎಲ್ಲದಕ್ಕಿಂತ ಹಿಂದೆ ಉಳಿಯುತ್ತದೆ. ಬೈಯಬೇಡಿ, ನಾಲ್ಕು ಸೆಲ್ ನಿಮ್ಮ ಮೇಜಿನಲ್ಲೇ ಇಟ್ಟುಕೊಳ್ಳಿ. ಕಿವಿಯೊಳಗಿನ ಅಚ್ಚಿನ ತೂತಿನಲ್ಲಿ ಗುಗ್ಗೆ ಕಟ್ಟಿದೆಯಾ ಅಂತಲೂ ನೋಡಿ.

ದಿನಾ ಬೆಳಿಗ್ಗೆ ಮಾಡುವ ಒಂದು ಪರೀಕ್ಷೆ ನಮಗೆ ಕಲಿಸಿದ್ದರು. ಹುಡುಗಿಯ ಹಿಂದೆ ನಿಂತು, ಬಾಯಿ ಕಾಣದ ಹಾಗೆ, ಆರು ಸದ್ದು ಮಾಡಬೇಕು: ಆ, ಈ, ಊ, ಮ್, ಶ್, ಸ್. ಒಂದೊಂದಕ್ಕೂ ಅವಳು ತಿರುಗಿ ಹೇಳಬೇಕು ಅಥವಾ ಕೈ ಎತ್ತಬೇಕು. ಯಾವುದಕ್ಕೆ ಎತ್ತಲಿಲ್ಲ ಅಂತ ಬರೆದಿಡಿ.

ಈಗ ಎಐ. ನಮ್ಮ ಮಗಳ ಹಳೆಯ ಶಾಲೆಯಲ್ಲಿ ಒಬ್ಬ ಸರ್ ಬಹಳ ಪ್ರೀತಿಯಿಂದ, ಮಾತು ಅಕ್ಷರವಾಗಿ ಬರುವ ಆ್ಯಪ್ ಹಾಕಿ ಫೋನು ಅವಳ ಮುಂದಿಟ್ಟರು. ಆಗ ಅವಳು ಎರಡನೇ ಕ್ಲಾಸು. ಕನ್ನಡ ಕೂಡಿಸಿ ಓದಲು ಬರುತ್ತಿರಲಿಲ್ಲ. ಓಡುವ ಅಕ್ಷರ ನೋಡಿ ಏನು ಮಾಡಬೇಕು? ಮೇಲಾಗಿ ತಗಡಿನ ಕೋಣೆ, ಮಕ್ಕಳ ಗದ್ದಲ, ಸರ್ ಮಾತಾಡುವುದು ನಮ್ಮ ಕಡೆಯ ‘ಹ್ಯಾಂಗದ, ಎಲ್ಲದ’. ಅದು ಬರೆದದ್ದು ಬೇರೇನೋ. ಈಗ ಅವಳು ಚೆನ್ನಾಗಿ ಓದುತ್ತಾಳೆ, ಹಾಗಾಗಿ ಯಾರಾದರೂ ನಿಧಾನಕ್ಕೆ ಮೈಕಿನಲ್ಲಿ ಮಾತಾಡಿದರೆ ಲೈವ್ ಟ್ರಾನ್ಸ್‌ಕ್ರೈಬ್ ಹಾಕಿಕೊಂಡು ಕೂರುತ್ತಾಳೆ. ಓದು ಬಂದ ಮೇಲೆ ಅದು ಆಸರೆ. ಓದು ಕಲಿಸಲು ಅದು ಬರಲ್ಲ.

ಸನ್ನೆ ಭಾಷೆಗೆ ಎಐ ಗೊಂಬೆಗಳೂ ಬಂದಿವೆ. ಮಗಳಿಗೆ ತೋರಿಸಿದೆ. ಕೈ ಚೆನ್ನಾಗಿ ಆಡಿಸುತ್ತದೆ, ಮುಖ ಮಾತ್ರ ಮರದ್ದು. ಸನ್ನೆ ಭಾಷೆಯಲ್ಲಿ ಪ್ರಶ್ನೆ ಇರುವುದು ಹುಬ್ಬಿನಲ್ಲಿ. ಹುಬ್ಬು ಎತ್ತದಿದ್ದರೆ ‘ಊಟ ಆಯಿತು’ ಮತ್ತು ‘ಊಟ ಆಯಿತಾ’ ಎರಡೂ ಒಂದೇ. ಅವಳು ನೋಡಿ ‘ಇದಕ್ಕೆ ಜ್ವರ ಬಂದಿದೆ’ ಅಂತ ಸನ್ನೆ ಮಾಡಿದಳು. ನಮಗೆ ಉಪಯೋಗಕ್ಕೆ ಬಂದದ್ದು ದೆಹಲಿಯ ಭಾರತೀಯ ಸನ್ನೆ ಭಾಷಾ ಕೇಂದ್ರದ (ಐಎಸ್‌ಎಲ್‌ಆರ್‌ಟಿಸಿ) ನಿಘಂಟು. ಹತ್ತು ಸಾವಿರ ಪದಗಳ ವಿಡಿಯೊ ಇದೆ, ಎಲ್ಲ ನಿಜವಾದ ಮನುಷ್ಯರೇ. 2024 ರ ಡಿಸೆಂಬರ್‌ನಲ್ಲಿ ಪಿಎಂ ಇ-ವಿದ್ಯಾದ 31 ನೇ ಟಿವಿ ಚಾನೆಲ್ ಕೂಡ ಸನ್ನೆ ಭಾಷೆಗೇ ಅಂತ ಶುರುವಾಗಿದೆ.

ಇನ್ನೊಂದು, ಬೋರ್ಡ್ ಕಡೆ ತಿರುಗಿ ಬರೆಯುತ್ತಾ ಮಾತಾಡಬೇಡಿ. ಬರೆದು, ಆಮೇಲೆ ತಿರುಗಿ ಮಾತಾಡಿ.

ಉತ್ತರ: ಕೋಟೆ ಓಣಿ, ಬೀದರ್

ನಾನು ಸಾಫ್ಟ್‌ವೇರ್ ಕೆಲಸದವನು, ಎರಡೇ ಮಾತು.

ಮಗುವಿನ ಹೆಸರು, ಫೋಟೊ, ಆಸ್ಪತ್ರೆ ಚೀಟಿ, ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಯಾವುದನ್ನೂ ಚಾಟ್ ಆ್ಯಪ್‌ಗೆ ಹಾಕಬೇಡಿ. ‘ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ’ ಅಂದರೆ ಸಾಕು. 2023 ರ ಡೇಟಾ ರಕ್ಷಣಾ ಕಾಯ್ದೆ ಪ್ರಕಾರ 18 ವರ್ಷದೊಳಗಿನವರ ವಿವರಕ್ಕೆ ಅಪ್ಪ ಅವ್ವನ ಒಪ್ಪಿಗೆ ಬೇಕು. ಕಾನೂನು ಬಿಡಿ, ನಮ್ಮ ಮಗುವಿನ ಚೀಟಿಯನ್ನು ಯಾರೋ ಹೀಗೆ ಹಾಕಿದರೆ ನಮಗೆ ಹೇಗಾಗುತ್ತದೆ?

ಲಂಬಾಣಿ ಯಾಕೆ ಬರಲಿಲ್ಲ ಅಂದರೆ, ಈ ಯಂತ್ರಗಳು ಕಲಿಯುವುದು ಬರೆದಿಟ್ಟ ಪಠ್ಯದಿಂದ. ಲಂಬಾಣಿಯಲ್ಲಿ ಅದು ಬಹಳ ಕಮ್ಮಿ, ಒಂದೇ ಲಿಪಿಯೂ ಇಲ್ಲ. ನಮ್ಮ ಕಡೆ ಕನ್ನಡದಲ್ಲಿ, ಆಚೆ ತೆಲುಗು, ದೇವನಾಗರಿಯಲ್ಲಿ ಬರೆಯುತ್ತಾರೆ. ಸರ್ಕಾರದ ಅನುವಾದ ಯೋಜನೆ ಭಾಷಿಣಿ ಮೊದಲು ಹಿಡಿದದ್ದು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆ, ಅದರಲ್ಲಿ ಲಂಬಾಣಿ ಇಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯವರು ಗೂಗಲ್ ಜೊತೆ ವಾಣಿ ಅಂತ ಜಿಲ್ಲೆ ಜಿಲ್ಲೆಯ ಮಾತು ದಾಖಲು ಮಾಡುತ್ತಿದ್ದಾರೆ. ಆದರೆ ಅದರ ಫಲ ನಿಮ್ಮ ಕ್ಲಾಸಿಗೆ ಬರುವಷ್ಟರಲ್ಲಿ ಈ ಹುಡುಗರು ಹೈಸ್ಕೂಲು ದಾಟಿರುತ್ತಾರೆ. ಅಲ್ಲಿಯವರೆಗೆ ಬಿಸಿಯೂಟದ ಅಕ್ಕನೋ, ತಾಂಡಾದ ಅಜ್ಜಿಯೋ ಹೇಳಿದ ಕಥೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅದು ಯಾವ ಎಐಗಿಂತ ಚೆನ್ನಾಗಿರುತ್ತದೆ.

ಮರು ಉತ್ತರ: ಚಿಂಚೋಳಿ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ.

ಭಾಲ್ಕಿ ಸರ್, ನಿಮ್ಮ ಹಾಗೇ ಬರೆದು ಕೇಳಿದೆ. ಈ ಸಲ ನನ್ನ ಮಾತಿನ ಹತ್ತಿರ ಬಂತು. ಒಂದು ‘ಕೃಷ್ಣಾ’ ಉಳಿದಿತ್ತು, ‘ಹೊಳೆ’ ಅಂತ ತಿದ್ದಿದೆ. ಹುಡುಗ ಎರಡು ಸಾಲು ನಿಲ್ಲದೆ ಓದಿದ, ಮೂರನೆಯದಕ್ಕೆ ಕೂತ. ಪ್ರಾಸದ ಆಟದಲ್ಲಿ ತನ್ನ ಭಾಷೆಯಲ್ಲೇ ತಡವರಿಸಿದ, ಬಾಕಿ ತಾಂಡಾ ಮಕ್ಕಳು ನೀರು ಕುಡಿದ ಹಾಗೆ ಆಡಿದರು. ಪ್ರಶಸ್ತ್ ತುಂಬಿ ನಮ್ಮ ತಾಲೂಕಿನ ಬಿಐಇಆರ್‌ಟಿ ಅವರಿಗೆ ಹೇಳಿದ್ದೇನೆ. ಕಬ್ಬಿಗೆ ಹೋಗುವ ಹುಡುಗನಿಗೆ ಪಾಠಗಳನ್ನು ನನ್ನ ದನಿಯಲ್ಲೇ ಸಣ್ಣ ಸಣ್ಣದಾಗಿ ರೆಕಾರ್ಡ್ ಮಾಡಿ ಅವನ ಅಪ್ಪನ ವಾಟ್ಸಾಪಿಗೆ ಕಳಿಸುವ ಯೋಚನೆ ಇದೆ. ಪ್ರತಿ ಪಾಠಕ್ಕೆ ಮೂರು ಬಾಯಿಪ್ರಶ್ನೆ ಮಾಡಿಕೊಡುವ ಕೆಲಸ ಆ್ಯಪ್‌ಗೆ ಕೊಟ್ಟಿದ್ದೇನೆ, ಅದನ್ನು ಚೆನ್ನಾಗಿ ಮಾಡುತ್ತದೆ.

ಕಲಬುರಗಿಯ ತಮ್ಮ, 24 ರ ಅಕ್ಷರ ಸಾಕು ಅಂದಳು ಹುಡುಗಿ. ನಾನು 32 ಬೇಕಾಗುತ್ತದೆ ಅಂತ ಲೆಕ್ಕ ಹಾಕಿದ್ದೆ, ಕಾಗದ ಉಳಿಯಿತು.

ಶಹಾಪುರದ ಅಣ್ಣಾ, ಒಂದು ಕೇಳಬೇಕು. ಹೊಸ ಸೆಲ್ ಹಾಕಿ ಆರು ಸದ್ದು ಮಾಡಿದೆ. ಆ, ಊ, ಮ್ ಅಂದಾಗ ತಕ್ಷಣ ಕೈ ಎತ್ತಿದಳು, ಈ ಅಂದಾಗ ಸ್ವಲ್ಪ ತಡವಾಗಿ. ಶ್, ಸ್ ಎರಡಕ್ಕೂ ಎತ್ತಲೇ ಇಲ್ಲ. ಮಿಷನ್ ಕೆಟ್ಟಿದೆಯಾ?

ಉತ್ತರ: ಶಹಾಪುರದ ಅಪ್ಪ

ಕೆಟ್ಟಿರಲಿಕ್ಕಿಲ್ಲ ತಂಗಿ. ಶ್, ಸ್ ಎರಡೂ ತೀರಾ ಸಣ್ಣ, ಮೇಲಿನ ಸ್ಥಾಯಿಯ ಸದ್ದು. ನಮ್ಮ ಮಗಳಿಗೂ ಹಾಗೇ ಆಗಿತ್ತು. ಮಿಷನ್ನಿನ ಸೆಟ್ಟಿಂಗ್ ಬದಲಿಸಬೇಕಾಗಬಹುದು, ಇಲ್ಲ ಅಚ್ಚು ಸಡಿಲಾಗಿರಬಹುದು. ಮಕ್ಕಳ ಕಿವಿ ಬೆಳೆಯುತ್ತದೆ, ಅಚ್ಚು ಬೆಳೆಯಲ್ಲ ನೋಡಿ. ಆಡಿಯಾಲಜಿಸ್ಟ್ ಹತ್ತಿರ ಕಳಿಸುವಾಗ ‘ಸರಿಯಾಗಿ ಕೇಳಲ್ಲ’ ಅಂತ ಮಾತ್ರ ಹೇಳಿ ಕಳಿಸಬೇಡಿ. ನೀವು ಇಲ್ಲಿ ಬರೆದದ್ದನ್ನೇ ಒಂದು ಚೀಟಿಯಲ್ಲಿ ಬರೆಯಿರಿ, ಯಾವ ಸದ್ದಿಗೆ ಎತ್ತಿದಳು, ಯಾವುದಕ್ಕೆ ಇಲ್ಲ, ಎಷ್ಟು ದೂರದಲ್ಲಿ ನಿಂತಿದ್ದಿರಿ. ಆ ಚೀಟಿ ಇದ್ದರೆ ಅವರ ಕೆಲಸ ಬೇಗ ಆಗುತ್ತದೆ. ಹೋಗುವಾಗ ಹಳೆಯ ಅಚ್ಚನ್ನೂ ಜೊತೆಗೆ ಒಯ್ಯಲು ಅವಳ ಅವ್ವನಿಗೆ ಹೇಳಿ.